ಮುಂದಿನ ಬೈಕು ಮಾಡಿದಂತೆ

ಹೆಬ್ಬೆರಳು ಇದೆ, ತೋರುಬೆರಳೂ ಇದೆ, ಉಳಿದ ಮೂರು ಇಲ್ಲ — ಇಲ್ಲವೆಂದರೆ ಇವೆ, ಒದ್ದೆ ಗ್ಲೌಸಿನೊಳಗೆ ಬ್ರೇಕಿನ ಮೇಲೆ ಕೂತಿವೆ, ಉದಯಶಂಕರನ ಕಣ್ಣಿಗೆ ಕಾಣುತ್ತಿವೆ, ಆದರೆ ಒತ್ತಿದರೆ ಎಷ್ಟು ಒತ್ತಿದೆ ಎಂಬುದು ಮಾತ್ರ ತಿಳಿಯದು, ಮಳೆಯಾದರೋ ಕಾಣಿಯೂರು ದಾಟಿದಲ್ಲಿಂದ ಕೊಡದಲ್ಲಿ ಹೊಯ್ದ ಹಾಗೆ ಸುರಿಯುತ್ತಿದೆ, ಕನ್ನಡಿಯಲ್ಲಿ ಮೂರು ಹೆಡ್‌ಲೈಟು, ಅಪೇಕ್ಷಾ, ದಿಶಾಂತ್, ಕೊನೆಗೆ ಹೈದರ್, ಮಳೆಯಲ್ಲಿ ಬೈಕು ಓಡಿಸುವುದನ್ನು ಕಲಿಯಲು ಅವನ ಎರಡು ದಿನದ ಶಿಬಿರಕ್ಕೆ ಬಂದವರು, ಪಾಪದವು, ಅವನು ಹೇಳಿದ್ದನ್ನೆಲ್ಲ ವೇದವಾಕ್ಯವೆಂದು ನಂಬಿದವರು. ನಿನ್ನೆ ಪುತ್ತೂರಿನ ದರ್ಬೆಯಲ್ಲಿ ಹೊರಡುವ ಮೊದಲು ಸಾಲಾಗಿ ನಿಲ್ಲಿಸಿ ಹೇಳಿದ್ದು ಅವನೇ ತಾನೆ, ಮಳೆಯಲ್ಲಿ ನಿಮ್ಮ ಬುದ್ಧಿ ಓಡಿಸುದು ಬೇಡ ಮಾರಾಯ್ರೆ, ಮುಂದಿನ ಬೈಕು ಎಂತ ಮಾಡ್ತದೆ ಅದನ್ನೇ ಮಾಡಿ, ನಾನು ನಿಧಾನ ಆದ್ರೆ ನಿಧಾನ, ನಾನು ಎಡಕ್ಕೆ ಸರಿದ್ರೆ ಎಡಕ್ಕೆ, ಯಾಕೆ ಅಂತ ಸಂಜೆ ಕೇಳಿ. ಪ್ರತಿ ಮಳೆಗಾಲವೂ ಹೇಳುವ ಮಾತು, ಆ ಮಾತಿನಿಂದಲೇ ಹೊಟ್ಟೆ ತುಂಬಿದ್ದು, ಪುತ್ತೂರಿನಿಂದ ಸುಳ್ಯದವರೆಗೆ ಬೈಕಿನ ಉದಯಣ್ಣ ಎಂದು ಹೆಸರಾದದ್ದು, ಇನ್ನು ಬೈಕು ಬಿಟ್ಟರೆ ಆ ಹೆಸರಿನಲ್ಲಿ ಉಳಿಯುವುದೇನು, ಬರೀ ಉದಯಣ್ಣ, ಅಂಥವರು ಊರಿಗೆ ಹತ್ತು ಜನ ಇದ್ದಾರೆ. ಡಾಕ್ಟರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು, ಅವರು ಹೇಳಿದ್ದು ಇಷ್ಟೇ, ಕುತ್ತಿಗೆಯಲ್ಲಿ ನರ ಒತ್ತಿದೆ, ಬೈಕ್ ಬಿಡಿ, ನಾಳೆಯಿಂದ ಅಲ್ಲ, ಇವತ್ತಿಂದ, ಆಪರೇಶನ್ ಮಾಡಿದ್ರೂ ಹೋದ ಸ್ಪರ್ಶ ವಾಪಸ್ ಬರ್ತದೆ ಅಂತ ನಾನು ಹೇಳುದಿಲ್ಲ. ಹೆಂಡತಿ ದೀಪಶ್ರೀಗೆ ಅವನು ಹೇಳಲೇ ಇಲ್ಲ, ಆದರೆ ಬಿಸಿ ಅನ್ನಕ್ಕೆ ಕೈ ಹಾಕಿ ಸುಮ್ಮನೆ ಕಲಸುತ್ತ ಕೂತವನನ್ನು ನೋಡಿ ಅವಳೇ ಕೇಳಿದಳು, ಅದು ಸುಡುದಿಲ್ವಾ ನಿಮಗೆ, ಅವನು ಇಲ್ಲವೆಂದ, ಬೆರಳ ತುದಿ ಕೆಂಪಗೆ ಬೊಬ್ಬೆ ಎದ್ದಿತ್ತು, ಮರುದಿನ ಬಟ್ಟಲಿನ ಪಕ್ಕದಲ್ಲಿ ಚಮಚ ಇತ್ತು, ಅವಳು ಬೈದಿದ್ದರೆ ಎಷ್ಟೋ ವಾಸಿ.

ತಿರುವು, ಮತ್ತೊಂದು ತಿರುವು, ಎದುರಿನಿಂದ ಮರದ ಲಾರಿ ಬಂದು ಕೆಸರು ನೀರು ಎರಚಿ ಹೋಯಿತು, ಜೋಮು ಈಗ ಮೊಣಕೈವರೆಗೆ ಏರಿದೆ, ಒಮ್ಮೆ ಕೈ ಬಿಡಿಸಿ ಎದೆಗೆ ಬಡಿದುಕೊಂಡರೆ ಸ್ವಲ್ಪ ಹೊತ್ತು ಜೀವ ಬರುತ್ತದೆ, ಆದರೆ ಕಲಿಸುವವನು ಹಿಡಿ ಬಿಟ್ಟು ಕೈ ಝಾಡಿಸಿದರೆ ಹಿಂದಿನವರು ಏನೆಂದುಕೊಂಡಾರು. ಅದನ್ನು ಮರೆಮಾಚುವ ಉಪಾಯ ಹೊಳೆದದ್ದು ನಿನ್ನೆ, ರಸ್ತೆ ಬದಿಯ ಒಂದು ದೈವದ ಕಟ್ಟೆಯ ಮುಂದೆ, ಹಾದು ಹೋಗುವವರು ಹಾರ್ನ್ ಹೊಡೆದು ಬಲಗೈಯನ್ನು ಎದೆಗೆ ಮುಟ್ಟಿಸುವುದು ಊರ ಕ್ರಮ, ಅವನೂ ಮುಟ್ಟಿಸಿದ, ಎರಡು ಸಲ ಗಟ್ಟಿಯಾಗಿ ಬಡಿದುಕೊಂಡ, ಬೆರಳಿಗೆ ರಕ್ತ ಹರಿಯಿತು, ನೋಡಿದವರಿಗೆ ಭಕ್ತಿ. ಹಿಂದಿನ ವರ್ಷಗಳಲ್ಲಿ ಅವನು ಹೇಳುತ್ತಿದ್ದ ಮೊದಲ ಪಾಠವೇ ಬೇರೆ, ಭಕ್ತಿ ಉಂಟಾದ್ರೆ ಬೈಕು ನಿಲ್ಲಿಸಿ ಇಳಿದು ಕೈ ಮುಗಿಯಿರಿ, ಓಡುವಾಗ ಬಲಗೈ ತೆಗಿಬಾರ್ದು, ಆಕ್ಸಿಲರೇಟರೂ ಅದರಲ್ಲೇ, ಮುಂದಿನ ಬ್ರೇಕೂ ಅದರಲ್ಲೇ — ಈ ವರ್ಷ ಆ ಪಾಠ ಬಾಯಿಗೆ ಬರಲಿಲ್ಲ, ಬರಲಿಲ್ಲ ಎಂಬುದೂ ಸುಳ್ಳು, ಅವನು ನುಂಗಿದ. ಕನ್ನಡಿಯಲ್ಲಿ ಕಂಡಿತ್ತಲ್ಲ, ಒಂದರ ಹಿಂದೆ ಒಂದು ಮೂರು ಕೈಗಳು ಎದೆಗೆ ಏರಿ ಇಳಿದದ್ದು, ನೇರ ರಸ್ತೆ, ಏನೂ ಆಗಲಿಲ್ಲ, ಅವನಿಗೆ ನಗು ಕೂಡ ಬಂತು. ರಾತ್ರಿ ನೆಟ್ಟಣದ ಹೋಟೆಲಿನಲ್ಲಿ ಅಪೇಕ್ಷಾ ಕೇಳಿದಳು, ಸರ್ ನಿಮಗೆ ದೈವದ ಮೇಲೆ ತುಂಬ ನಂಬಿಕೆ ಅಲ್ವಾ, ಹೇಳಬಹುದಿತ್ತು, ಆಗಲೇ ಹೇಳಬಹುದಿತ್ತು, ಅವನು ಚಮಚದಲ್ಲಿ ಅನ್ನ ತಿನ್ನುತ್ತ ಹೌದೆಂದು ತಲೆಯಾಡಿಸಿದ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದಿತಂತೆ, ಆ ಹಲ್ಲಿಯಾದರೂ ತಾನೊಬ್ಬನೇ ಬಿದ್ದಿತು. ಈಗ ಎಡಕ್ಕೆ ಬಾಗುವ ಇಳಿಜಾರು ತಿರುವು, ಒಳಗಿನ ಬದಿಯಲ್ಲಿ ಇನ್ನೊಂದು ದೈವದ ಕಟ್ಟೆ, ಕೆಂಪು ಬಟ್ಟೆ ಒದ್ದೆಯಾಗಿ ಕಲ್ಲಿಗೆ ಅಂಟಿದೆ, ಇಲ್ಲಿ ಬೇಡ, ತಿರುವು ಮುಗಿಯಲಿ, ಆದರೆ ಬ್ರೇಕು ಸಿಗುತ್ತಿಲ್ಲ, ಬೆರಳೇ ಇಲ್ಲ, ಕೈ ಹಾರಿ ಎದೆಗೆ ಬಡಿದೇ ಬಿಟ್ಟಿತು, ವರ್ಷಗಟ್ಟಲೆ ಪಳಗಿದ ಸೊಂಟ ಹೇಗೋ ಬೈಕನ್ನು ಹಿಡಿದು ಆಚೆ ದಾಟಿಸಿತು, ಮತ್ತೆ ಕನ್ನಡಿ. ಅಪೇಕ್ಷಾಳ ಕೈ ಎದೆಗೆ ಏರಿತು. ದಿಶಾಂತನದು. ಹೈದರನದೂ. ಬೇಡ ಎಂದು ಅವನು ಹೆಲ್ಮೆಟ್ಟಿನೊಳಗೆ ಕೂಗಿದ್ದು ಅವನಿಗೇ ಕೇಳಿತು, ಮೊದಲ ಬೆಳಕು, ಅಪೇಕ್ಷಾಳದು, ಪಕ್ಕಕ್ಕೆ ವಾಲಿತು, ವಾಲಿ ಮಲಗಿತು, ಜಾರುತ್ತ ಚರಂಡಿಯವರೆಗೆ ಹೋಯಿತು, ಉಳಿದೆರಡು ಬೈಕು ಓಲಾಡುತ್ತ ನಿಂತವು.

ಬೈಕು ಎತ್ತಿದರು, ಅವನೂ ಹುಡುಗರಿಬ್ಬರೂ ಸೇರಿ, ಅವನ ಬಲಗೈ ಅಲ್ಲಿಯೂ ಕೆಲಸಕ್ಕೆ ಬರಲಿಲ್ಲ, ಅವಳ ಎಡಗಾಲು ಮೊಣಕಾಲಿನ ಕೆಳಗೆ ಬೇರೆಯೇ ದಿಕ್ಕಿಗೆ ತಿರುಗಿತ್ತು. ದಿಶಾಂತ್ ಕಟ್ಟೆಯ ಕಡೆ ತಿರುಗಿ ಹೇಳುತ್ತಿದ್ದ, ದೈವವೇ ಕಾಪಾಡಿದ್ದು ಸರ್, ಹಿಂದಿಂದ ಬಸ್ಸು ಬರ್ತಿದ್ರೆ ಎಂತ ಕತೆ. ಹೈದರ್ ಮೆಲ್ಲನೆ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದ, ಸರ್ ನಮ್ಮಲ್ಲಿ ಇದೆಲ್ಲ ಇಲ್ಲ, ನೀವು ಮಾಡಿದ್ರಿ ಅಂತ ಮಾಡಿದ್ದು, ನಾನು ಅದೂ ಪಾಠ ಅಂತ ಎಣಿಸಿದೆ. ಜೀಪೊಂದು ನಿಂತಿತು, ಹಿಂದಿನ ಸೀಟಿನಲ್ಲಿ ಅವಳನ್ನು ಕಾಲು ಚಾಚಿಸಿ ಒರಗಿಸಿ ಕೂರಿಸಿದರು, ಹೈದರ್ ಜತೆಗೆ ಹತ್ತಿದ, ಅವಳು ತಲೆ ಎತ್ತಿ ಉದಯಶಂಕರನನ್ನೇ ನೋಡಿದಳು, ನಾನು ಎಂತ ತಪ್ಪು ಮಾಡಿದ್ದು ಸರ್, ನೀವು ಮಾಡಿದ ಹಾಗೇ ಮಾಡಿದ್ದೇನಲ್ಲ. ಹೇಳು, ಈಗಲಾದರೂ ಹೇಳು, ಅದು ಭಕ್ತಿಯಲ್ಲ ಮಗಾ, ಕೈ ಸತ್ತಿದೆ, ನಾನು ಅಡಗಿಸಿಟ್ಟೆ, ನಾಲಗೆಯ ತುದಿಯವರೆಗೆ ಬಂತು, ಬಾಯಿ ತೆರೆದರೆ ಹೊರಬಿದ್ದದ್ದು ಬೇರೆ, ರಸ್ತೆ ಜಾರು ಇತ್ತು, ನಿನ್ನದೆಂತದೂ ತಪ್ಪಿಲ್ಲ. ಅವಳು ನಂಬಿದಳು. ನಂಬಿದ್ದು ಕಣ್ಣಲ್ಲಿ ಕಂಡಿತು, ಅದಕ್ಕಿಂತ ಅವಳು ಅವನ ಮುಖಕ್ಕೆ ಉಗಿದಿದ್ದರೆ ಚೆನ್ನಾಗಿತ್ತು. ಜೀಪು ಹೊರಟಿತು, ಕಟ್ಟೆಯ ಮುಂದೆ ಡ್ರೈವರು ಹಾರ್ನ್ ಹೊಡೆದ, ಹಿಂದಿನ ಗಾಜಿನಲ್ಲಿ, ಮಳೆಯ ಹಿಂದೆ, ಅವಳ ಕೆಸರು ಮೆತ್ತಿದ ಬಲಗೈ ಮೇಲೆ ಬಂತು, ನಿಧಾನಕ್ಕೆ, ಎದೆಯನ್ನು ಎರಡು ಸಲ ಬಡಿಯಿತು — ಎರಡು ಸಲ, ಗಟ್ಟಿಯಾಗಿ, ಅವನು ಬಡಿದುಕೊಂಡ ಹಾಗೆಯೇ — ಆ ಕೈ, ಎದೆಯ ಮೇಲೆ, ಆ ಕೈ