ನನ್ನ ಒಳಮೈ ನೋಡಿದವರು

ನಾನೊಂದು ಮರದ ಮುಖವಾಡ. ನನ್ನಲ್ಲೊಂದು ಸಣ್ಣ ಅಳುಕಿದೆ. ಇದುವರೆಗೆ ನನಗೆ ನಾನೇ ಅದನ್ನು ಒಪ್ಪಿಕೊಂಡಿರಲಿಲ್ಲ. ಹೊಗಳುವವರನ್ನು ಕಂಡರೆ ನನಗೆ ಭಯ. ‘ಎಷ್ಟು ಚೆನ್ನಾಗಿದೆ’ ಎಂದವರೆಲ್ಲ ಮರುಕ್ಷಣವೇ ನನ್ನನ್ನು ತಿರುಗಿಸಿ ಒಳಮೈ ನೋಡುತ್ತಾರೆ. ಬೆವರಿನ ಕಲೆ ಇದೆಯೇ, ನಿಜಕ್ಕೂ ಹಳೆಯದೇ ಎಂದು ಮೂಸುತ್ತಾರೆ. ನನ್ನ ಒಳಮೈಯನ್ನು ನಾನೇ ನೋಡಿಲ್ಲ.

ಹುಟ್ಟಿದ್ದು ಹಿಮಾಲಯದ ಒಂದು ಹಳ್ಳಿಯಲ್ಲಿ, ಗಾಳಿಗೆ ಬಿದ್ದ ಅಕ್ರೋಟು ಮರದಿಂದ. ಕೆತ್ತಿದ ನೋರ್ಬು ನನಗೆ ಮುದುಕಿಯ ಮುಖ ಕೊಟ್ಟ: ಕುಳಿಬಿದ್ದ ಕೆನ್ನೆ, ಎರಡೇ ಹಲ್ಲು. ವರ್ಷವಿಡೀ ಗುಡಿಯ ಪೆಟ್ಟಿಗೆಯಲ್ಲಿ ಮಲಗಿರುತ್ತಿದ್ದೆ. ಚಳಿಗಾಲದ ಕೊನೆಗೆ, ಹಿಮ ಇನ್ನೂ ಮೊಣಕಾಲುದ್ದ ಇರುವಾಗ, ಬೆಣ್ಣೆ ಸವರಿ ಹೊರಗೆ ತೆಗೆಯುತ್ತಿದ್ದರು. ಊರಿನ ಒಬ್ಬ ಗಂಡಸು ನನ್ನನ್ನು ಕಟ್ಟಿಕೊಂಡು ಕುಣಿಯುತ್ತಿದ್ದ. ಆ ಒಂದು ದಿನ ಅವನು ಯಾರನ್ನು ಬೈದರೂ ಅವರು ಮುನಿಯುವಂತಿಲ್ಲ. ಹಾಗೆ ಬೈಸಿಕೊಳ್ಳದಿದ್ದರೆ ಹಳೆಯ ವರ್ಷ ಊರು ಬಿಟ್ಟು ಹೋಗುವುದಿಲ್ಲವೆಂದು ಅವರ ನಂಬಿಕೆ.

“ಏನೋ ಮುಖಂಡ, ನಿನ್ನ ಕುರಿ ಕಂಡೋರ ಹುಲ್ಲು ಮೇಯೋದು ಈ ಮುದುಕಿಗೆ ಕಾಣ್ಸಲ್ಲ ಅಂದ್ಕೊಂಡ್ಯಾ?”

ಊರೆಲ್ಲ ನಗುತ್ತಿತ್ತು. ಸ್ವಲ್ಪ ತಡವಾಗಿ ಮುಖಂಡನೂ.

ಒಂದು ವರ್ಷ ಕ್ಯಾಮೆರಾದವನೊಬ್ಬ ಬಂದ. ಹೊಗಳಿದ. ತಿರುಗಿಸಿ ನೋಡಿದ. ನನಗೆ ಆಗಲೇ ಅನುಮಾನ. ಬಟಾಣಿ ಕೊಯ್ಲಿಗೆ ಊರಿಗೆ ಊರೇ ಹೊಲಕ್ಕಿಳಿದಿದ್ದ ಒಂದು ಹಗಲು, ಪೆಟ್ಟಿಗೆಯ ಬೀಗ ಮುರಿಯಿತು.

ಗೋಣಿಚೀಲ, ಲಾರಿ, ಯಾವುದೋ ಗೋದಾಮು, ಮತ್ತೆ ಲಾರಿ. ಕೊನೆಗೆ ಹೋದ ಆಷಾಢದಲ್ಲಿ, ಮೈಸೂರಿನ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ, ಪ್ರಫುಲ್ಲಾ ಎಂಬ ಹುಡುಗಿ ನನ್ನ ಪೊಟ್ಟಣ ಬಿಚ್ಚಿದಳು. ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಮಾತು ಕಡಿಮೆ. ವಸ್ತುಗಳಿಗೆ ಚೀಟಿ ಬರೆಯುವುದು ಅವಳ ಕೆಲಸ.

“ಬರಿಯಮ್ಮ, ನಮ್ಮ ತಾತನ ಕಾಲದಿಂದ ಮನೇಲಿದ್ದದ್ದು ಅಂತ,” ಎಂದರು ಮಾಲೀಕ ನಂಜರಾಜಯ್ಯ.

ಅವಳ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬರೆಯಿತು. ಅಂದಿನಿಂದ ಅವಳನ್ನೂ ನಾನು ನಂಬಲಿಲ್ಲ. ಧೂಳು ಒರೆಸುವಾಗ ಅವಳು ನನ್ನ ಮುಖ ನೋಡುತ್ತಿರಲಿಲ್ಲ.

ಚಳಿ ಶುರುವಾದಾಗ, ಪ್ರತಿ ವರ್ಷದಂತೆ ಸ್ವೆಟರ್ ಮಾರುವವರು ಹಿಮಾಲಯದ ಕಡೆಯಿಂದ ಬಂದು ಫುಟ್‌ಪಾತಿನಲ್ಲಿ ಅಂಗಡಿ ಹಾಕಿದರು. ಅವರಲ್ಲಿ ಅಂಗ್ಮೋ ಎಂಬವಳು ಗಾಜಿನಾಚೆಯಿಂದ ನನ್ನನ್ನು ಕಂಡು ಒಳಗೆ ಬಂದಳು. ಹೊಗಳಲಿಲ್ಲ. ತಿರುಗಿಸಲೂ ಇಲ್ಲ. ಚಪ್ಪಲಿ ಬಿಟ್ಟು, ಹಣೆ ಬಾಗಿಸಿದಳು.

“ಸಾರ್, ಇದು ನಮ್ಮೂರ್ ಅಜ್ಜಿ. ಎರಡ್ ವರ್ಷ ಆಯ್ತು ಕಳ್ತನ ಆಗಿ. ಎರಡ್ ಸಲ ನಮ್ಗೆ ಯಾರೂ ಬೈದಿಲ್ಲ. ವಾಪಸ್ ಕೊಡಿ ಸಾರ್.”

ನಂಜರಾಜಯ್ಯ ನಕ್ಕರು. “ಬೈಸ್ಕೊಳ್ಳೋಕಾ? ನಮ್ಮನೆಯವಳ ಹತ್ರ ಹೋಗಮ್ಮ, ಪುಕ್ಕಟೆ ಬೈತಾಳೆ.” ಆಮೇಲೆ ನಗು ನಿಲ್ಲಿಸಿ, “ಪ್ರಫುಲ್ಲಾ, ಚೀಟೀಲಿ ಏನಿದೆ, ಇವಳಿಗೆ ಓದಿ ಹೇಳು,” ಎಂದರು.

ಅವಳು ಚೀಟಿ ಕೈಗೆತ್ತಿಕೊಂಡಳು. ಓದಿಬಿಟ್ಟರೆ ನಾನು ಎಂದೆಂದಿಗೂ ಯಾರದೋ ತಾತನ ಸೊತ್ತು. ಓದುತ್ತಾಳೆ ಎಂದೇ ಅಂದುಕೊಂಡೆ, ಬರೆದವಳೇ ಅವಳಲ್ಲವೇ? ಅವಳ ಕಿವಿ ಕೆಂಪಾಗಿತ್ತು. ಚೀಟಿಯನ್ನು ಮಡಚಿ, ಮೊದಲ ಸಲ ನನ್ನ ಮುಖವನ್ನು ನೇರ ನೋಡಿದಳು. ಆಮೇಲೆ ಅಂಗ್ಮೋಳ ಕಡೆ ತಿರುಗಿದಳು.

“ಇದು ಬಂದಿದ್ದು ಹೋದ ಆಷಾಢದಲ್ಲಿ. ಪೊಟ್ಟಣ ಬಿಚ್ಚಿದೋಳು ನಾನೇ.”