ಮಚ್ಛೇಂದ್ರನ ನಾಲ್ಕು ನಿಮಿಷದ ಸಿನಿಮಾ

ನನ್ನ ಮೈದುನ ಮಚ್ಛೇಂದ್ರ ಹಿಂದಕ್ಕೆ ನಡೆಯುತ್ತ ಮಾತನಾಡುತ್ತಿದ್ದ. ಎದುರಿಗಿದ್ದವರ ಮುಖದಲ್ಲಿ ಕಣ್ಣು ನೆಟ್ಟು, ಒಂದೊಂದೇ ಹೆಜ್ಜೆ ಹಿಂದಿಡುತ್ತ, ಭಾಲ್ಕಿಯ ನಮ್ಮ ಅಂಗಳ ದಾಟಿ, ಹೊಸ್ತಿಲನ್ನು ಹಿಮ್ಮಡಿಯಿಂದಲೇ ತಡವಿ ಗುರುತಿಸಿ ಬೀದಿಗಿಳಿಯುವ ಅವನನ್ನು ಕಂಡರೆ, ಹೈದರಾಬಾದಿನಲ್ಲಿ ಓದಿ ಬೆಳೆದು ಬಂದ ನನಗೆ ಜೀವ ಬಾಯಿಗೆ ಬರುತ್ತಿತ್ತು. ಕಂಕುಳಲ್ಲಿ ಎಂಟು ತಿಂಗಳ ಕೂಸು, ಎದುರಿಗೆ ಬೆನ್ನಿಗೆ ಕಣ್ಣಿಲ್ಲದ ಈ ಹುಡುಗ. ಯಾರನ್ನು ಮೊದಲು ಹಿಡಿಯಲಿ?

"ಮಚ್ಛೇಂದ್ರ, ಹಿಂದ ಬಾವಿ ಅದ ನೋಡಪ್ಪಾ!"

"ಬಾವಿ ಎಲ್ಲಿ ಹೋಗ್ತದ್ರಿ ವೈನಿ? ಇದ್ದಲ್ಲೇ ಇರ್ತದ. ಮಂದಿ ಮುಖ ಹಂಗಲ್ರಿ, ಕಣ್ಣು ಮುಚ್ಚಿ ತೆಗಿಯೋದ್ರಾಗ ಬದಲಾಗ್ತದ."

ಈ ನಡಿಗೆಯನ್ನು ಅವನಿಗೆ ಕಲಿಸಿದ್ದು ಒಂದು ಕ್ಯಾಮೆರಾ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಬೀದರಿನ ಗೆಳೆಯ ಫಕ್ರೋದ್ದೀನ ಹೈದರಾಬಾದಿನ ತನ್ನ ಮಾಮೂನಿಂದ, ಅಂದರೆ ಸೋದರಮಾವನಿಂದ, ಅದನ್ನು ಬೇಡಿ ತಂದಿದ್ದ: ಗಡಿಯಾರದಂತೆ ಕೀಲಿ ಕೊಟ್ಟು ತಿರುಗಿಸುವ ಯಂತ್ರ, ಅದಕ್ಕೆ ಒಂದೇ ರೀಲು, ಆ ರೀಲಿನ ಆಯುಷ್ಯ ನಾಲ್ಕೇ ನಿಮಿಷ. ತಪ್ಪಿದರೆ ಮತ್ತೆ ತೆಗೆಯುವ ಮಾತಿಲ್ಲ. ಹೀಗಾಗಿ ಮಚ್ಛೇಂದ್ರ ಖಾಲಿ ಕ್ಯಾಮೆರಾ ಹಿಡಿದು, ಸಿಕ್ಕಸಿಕ್ಕವರ ಮುಂದೆ ಹಿಮ್ಮುಖವಾಗಿ ನಡೆಯುತ್ತ ಒಂದು ತಿಂಗಳು ಸಾಧನೆ ಮಾಡಿದ. ವೈಶಾಖದ ಬಿಸಿಲಲ್ಲೂ ತಂದೆಯ ಕಚೇರಿಯ ಕಪ್ಪು ಶೇರವಾನಿಯನ್ನು ಬಿಚ್ಚುತ್ತಿರಲಿಲ್ಲ. ಮೊಣಕೈಯಲ್ಲಿ ಸವೆದು ಹೊಳಪೇರಿದ ಆ ಅಂಗಿಯ ಕಿಸೆಯಲ್ಲಿ ಕುರಿಗಳಿಗೆಂದು ಕಡಲೆ ತುಂಬಿರುತ್ತಿತ್ತು.

ಕುರಿಗಳು ಸಿನಿಮಾದ ಕಥೆಯಲ್ಲಿದ್ದವು. ದಾರಿಹೋಕನೊಬ್ಬ ಮರದಡಿ ಮಲಗಿರುವಾಗ ಕುರಿಯೊಂದು ಅವನ ಬುತ್ತಿ ತಿಂದುಬಿಡುತ್ತದೆ; ಕುರುಬನಿಗೂ ಅವನಿಗೂ ಜಗಳ; ಕಡೆಗೆ ಕುರುಬ ತನ್ನ ರೊಟ್ಟಿ ಬಿಚ್ಚಿ, ಇಬ್ಬರೂ ಕೂಡಿ ಉಣ್ಣುತ್ತಾರೆ. ಫಕ್ರೋದ್ದೀನ ದಾರಿಹೋಕ. ಔರಾದಿನ ನರಸಿಂಗ ಕುರುಬ. ಕುರಿಗಳೂ ಅವನ ಮನೆಯವೇ. ಮೂವರೂ ಬೀದರಿನ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಬೆಳೆದವರು.

ಬೀದರಿನ ಹತ್ತಿರದ ಅಷ್ಟೂರಿನ ಗುಮ್ಮಟಗಳ ಬಳಿ ಚಿತ್ರೀಕರಣ. ಮಾತು ಸ್ಪಷ್ಟವಾಗಿ ಕೇಳಬೇಕೆಂದು ಮಚ್ಛೇಂದ್ರ ಪ್ರತಿ ಕುರಿಯ ಕೊರಳಗಂಟೆಗೂ ಬಟ್ಟೆ ಸುತ್ತಿದ. ನಾಯಿಗಳನ್ನು ಅಟ್ಟಿದ. ಬುತ್ತಿ ಕಟ್ಟಿಕೊಂಡು ಹೋಗಿದ್ದ ನಾನು, ಕೂಸಿನ ಅಳು ರೀಲಿಗೆ ಹತ್ತೀತೆಂಬ ಭಯದಿಂದ, ಅದನ್ನೆತ್ತಿಕೊಂಡು ಮೂರನೆಯ ಗುಮ್ಮಟದಾಚೆ ಕುಳಿತೆ. ಆದರೆ ಕ್ಯಾಮೆರಾ ತಿರುಗುವ ಮೊದಲೇ ಶುರುವಾದ ಜಗಳ ಅಲ್ಲಿಗೂ ಕೇಳಿಸಿತು.

"ನಾವೀಗ ಮೈಸೂರಿನವರು. ಸಿನಿಮಾ ಕನ್ನಡದಾಗೇ ಆಗಬೇಕು," ಎಂದ ನರಸಿಂಗ.

"ದಾರಿ ಹೋಗಾಂವ ಹೈದ್ರಾಬಾದಿನಾಂವ ಇದ್ದಾನಪ್ಪಾ. ಉರ್ದೂ ಮಾತಾಡ್ದೆ ಮತ್ತೇನು ಮಾತಾಡ್ತಾನ?" ಎಂದ ಫಕ್ರೋದ್ದೀನ.

"ರಾಜ್ಯ ಬದಲಾತು, ನಿನ್ನ ನಾಲಿಗಿ ಬದಲಾಗವಲ್ದು."

"ನಾಲಿಗಿ ನಂಗ ಅಮ್ಮೀ ಕೊಟ್ಟಾಳ. ಸರ್ಕಾರ ಅಲ್ಲ."

ಕಡೆಗೆ ಸಿನಿಮಾದಲ್ಲಿ ಫಕ್ರೋದ್ದೀನ ಉರ್ದುವಿನಲ್ಲೇ ಜಗಳವಾಡಿದ, ನರಸಿಂಗ ಕನ್ನಡದಲ್ಲೇ ಉತ್ತರಿಸಿದ, ಕ್ಯಾಮೆರಾ ಗರಗರ ತಿರುಗಿತು. ರೀಲು ಮುಗಿದೊಡನೆ ನರಸಿಂಗ ಯಾರತ್ತಲೂ ನೋಡದೆ ಕುರಿ ಹೊಡೆದುಕೊಂಡು ಔರಾದಿನ ದಾರಿ ಹಿಡಿದ.

ರೀಲು ಬೊಂಬಾಯಿಯಲ್ಲಿ ತೊಳೆದು ಬರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳೂ ಗೆಳೆಯರಿಬ್ಬರ ನಡುವೆ ಒಂದು ಮಾತಿಲ್ಲ. ಮಚ್ಛೇಂದ್ರ ಔರಾದಿಗೆ ಬರೆದ ಕಾರ್ಡುಗಳಿಗೆ ಉತ್ತರ ಬರಲಿಲ್ಲ. ಊಟಕ್ಕೆ ಕೂತವನು ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟೇಳತೊಡಗಿದ. "ಸಿನಿಮಾ ಕೆಟ್ರ ಕೆಡ್ಲಿರಿ ವೈನಿ. ಇವರಿಬ್ರು ಕೆಟ್ರ ನಾ ಏನ್ ಮಾಡ್ಲಿ?"

ರೀಲು ಬಂದ ಮರುದಿನ ಮೊದಲ ಬಸ್ಸಿಗೇ ಔರಾದಿಗೆ ಹೋದ. "ಮಾತಾಡಬ್ಯಾಡೋ. ಬರೇ ಬಂದು ನೋಡು" ಎಂದು ನರಸಿಂಗನನ್ನು ಹೊರಡಿಸಿ ಬೀದರಿಗೆ ಕರೆತಂದ, ಅದೂ ಫಕ್ರೋದ್ದೀನನ ಮನೆಗೇ. ಹೈದರಾಬಾದಿನಿಂದ ತರಿಸಿದ ಮಾಮೂನ ಪ್ರೊಜೆಕ್ಟರು ಅಲ್ಲಿತ್ತು. ನಡುಮಧ್ಯಾಹ್ನ ಕಿಟಕಿಗಳಿಗೆ ಕೌದಿ ಹೊದಿಸಿ, ಗೋಡೆಗೆ ಧೋತರ ಕಟ್ಟಿ, ಇಬ್ಬರನ್ನೂ ಒಂದೇ ಚಾಪೆಯ ಎರಡು ತುದಿಗೆ ಕೂರಿಸಿದ. ಬಾಗಿಲಲ್ಲಿ ಫಕ್ರೋದ್ದೀನನ ತಾಯಿಯ ಪಕ್ಕದಲ್ಲಿ, ಬೆಳಕಿಗೆ ಕೂಸಿನ ಕಣ್ಣು ಕೆಟ್ಟೀತೆಂದು ಸೆರಗು ಮರೆಮಾಡಿ, ಸಿನಿಮಾ ನೋಡಲು ಭಾಲ್ಕಿಯಿಂದ ಬಂದಿದ್ದ ನಾನು.

ಗುಮ್ಮಟ ಬಂತು, ಮರ ಬಂತು, ಕುರಿ ಬುತ್ತಿ ಬಿಚ್ಚಿ ತಿಂದಿತು. ದಾರಿಹೋಕ ಎದ್ದು ಬಾಯಿ ತೆರೆದ. ಸದ್ದಿಲ್ಲ! ಕುರುಬನೂ ತೆರೆದ. ಸದ್ದಿಲ್ಲ. ಯಾವ ಮಾತಿಗಾಗಿ ಹತ್ತು ವರ್ಷದ ಸ್ನೇಹ ಮುರಿದಿತ್ತೋ, ಆ ಮಾತು ಯಾವ ಭಾಷೆಯಲ್ಲೂ ರೀಲಿಗೆ ಇಳಿದಿರಲಿಲ್ಲ. ಅದು ಮೂಕ ಕ್ಯಾಮೆರಾ ಎಂಬುದು ಅವರಿಗೆ ತಿಳಿದಿರಲಿಲ್ಲ, ಇಷ್ಟು ಓದಿದ ನನಗೂ ಹೊಳೆದಿರಲಿಲ್ಲ. ಪ್ರೊಜೆಕ್ಟರಿನ ಹಿಡಿಕೆ ತಿರುಗಿಸುತ್ತಿದ್ದ ಮಚ್ಛೇಂದ್ರನ ಮುಖ ಬಿಳಿಚಿತು. ಕೈ ಮಾತ್ರ ನಿಲ್ಲಲಿಲ್ಲ.

ಆಗ ಚಾಪೆಯ ಆ ತುದಿಯಿಂದ ಫಕ್ರೋದ್ದೀನನ ದನಿ ಬಂತು, ಅಚ್ಚ ಕನ್ನಡದಲ್ಲಿ: "ಲೇ ಕುರುಬಾ, ನಿನ್ನ ಕುರಿ ನನ್ನ ಬುತ್ತಿ ತಿಂದದಲ್ಲೋ!"

ನರಸಿಂಗ, ಧೋತರದಿಂದ ಕಣ್ಣು ಕೀಳದೆ, "ಭೂಕ್ ಲಗೀ, ಖಾ ಲೀ. ಮೈ ಕ್ಯಾ ಕರೂಂ ಮಿಯಾಂ?" ಎಂದ. ಹಸಿದಿತ್ತು, ತಿಂದಿತು, ನಾನೇನು ಮಾಡಲಿ ಎಂಬುದನ್ನು ಅವನು ಎಷ್ಟು ಗತ್ತಿನಿಂದ ಹೇಳಿದನೆಂದರೆ ಫಕ್ರೋದ್ದೀನನ ತಾಯಿ ಓಢಣಿ ಕಚ್ಚಿಕೊಂಡು ನಕ್ಕರು. ರೀಲು ಮುಗಿದು ಧೋತರದ ಮೇಲೆ ಬರಿಯ ಬೆಳಕು ಉಳಿದರೂ ಅವರಿಬ್ಬರ ಜಗಳ ಮುಗಿಯಲಿಲ್ಲ. ಫಕ್ರೋದ್ದೀನ ಕನ್ನಡದಲ್ಲಿ, ನರಸಿಂಗ ಉರ್ದುವಿನಲ್ಲಿ, ಚಾಪೆಯ ನಡುವಿಗೆ ಸರಿಯುತ್ತ, ಒಬ್ಬರ ಬೆನ್ನಿಗೊಬ್ಬರು ಗುದ್ದುತ್ತ.

"ಧ್ವನಿ ಬಂತಲ್ರಿ ವೈನಿ!" ಎಂದ ಮಚ್ಛೇಂದ್ರ, ಶೇರವಾನಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ.

ಮಚ್ಛೇಂದ್ರನಂಥವರನ್ನು ಕಲಾವಿದರೆನ್ನಬಹುದೋ ಇಲ್ಲವೋ, ನಾನರಿಯೆ. ಕೈಗೆತ್ತಿಕೊಂಡ ವಿದ್ಯೆಯನ್ನು ಪೂರ್ತಿ ಕಲಿಯುವ ವ್ಯವಧಾನ ಇವರಿಗಿಲ್ಲ. ಯಂತ್ರವನ್ನು ಬಲ್ಲವರನ್ನು ಕೇಳುವುದಿಲ್ಲ. ಮನೆಯ ಹೆಂಗಸರ ನಿದ್ದೆ ಕೆಡಿಸುತ್ತಾರೆ. ಆದರೂ ಯಾವುದೋ ಹುಚ್ಚು ಹೊತ್ತು ಇಂಥವನೊಬ್ಬ ಬಂದು ಬಾಗಿಲು ಬಡಿಯದಿದ್ದರೆ, ಎಲ್ಲವನ್ನೂ ಸರಿಯಾಗಿ ತಿಳಿದ ನಾವೆಲ್ಲ ನಮ್ಮ ನಮ್ಮ ಮನೆಗಳಲ್ಲಿ, ಸರಿಯಾಗಿಯೇ, ಒಬ್ಬೊಬ್ಬರೇ ಕುಳಿತಿರುತ್ತೇವೆ.