ಮುಚ್ಚಳ ಕೂರದ ಡಬ್ಬಿ

ಕರಿಯಪ್ಪ ಮತ್ತೆ ನಮ್ಮ ಗೇಟು ತೆಗೆದಾಗಲೇ ನನಗೆ ಖಾತ್ರಿಯಾಯಿತು, ಈ ಮುದುಕ ಬರುತ್ತಿರುವುದು ನನ್ನ ಕಾಫಿಗಲ್ಲ, ಡಬ್ಬಿಗೆ.

ಡಬ್ಬಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ನನ್ನ ಗಂಡ ಅಶೋಕ್ ಬ್ಲಫ್ ಎಂಬ ಊರಿನ ಪವರ್ ಹೌಸಿನಲ್ಲಿ ಇಂಜಿನಿಯರು. ನಮ್ಮ ಮನೆ ಮಳವಳ್ಳಿಯಲ್ಲಿ. ಅವರಿಗೆ ಹಳೇ ಬೆಳ್ಳಿ ನಶ್ಯದ ಡಬ್ಬಿಗಳ ಹುಚ್ಚು. ಬೇರೆಯವರಾದರೆ ಗಾಜಿನ ಬೀರುವಿನಲ್ಲಿಟ್ಟು ನೋಡುತ್ತಾರೆ, ಇವರು ಬಳಸುತ್ತಾರೆ. ಹಲ್ಲುಪುಡಿ ಹಾಕಿ ಉಜ್ಜಿ, ನಶ್ಯ ತುಂಬಿ, ಬಂದವರಿಗೆಲ್ಲ ಮುಚ್ಚಳ ತೆಗೆದು ಮುಂದೆ ಹಿಡಿಯುತ್ತಾರೆ. ಇವರದು, ಮಾವನದು, ಇಬ್ಬರ ಕರ್ಚೀಫನ್ನೂ ಒಗೆಯುವವಳು ನಾನು. ಆ ಕಂದು ಕಲೆಯ ಕಾಟ ಶತ್ರುವಿಗೂ ಬೇಡ.

ಕಳೆದ ತಿಂಗಳು ಮದ್ದೂರಿನ ಬೆಳ್ಳಿ ಅಂಗಡಿಯವನು, ಯಾರೋ ಕರಗಿಸಲು ತಂದದ್ದೆಂದು, ಮುಚ್ಚಳದ ಮೇಲೆ ನವಿಲಿದ್ದ ಡಬ್ಬಿಯೊಂದನ್ನು ಇವರಿಗೆ ಮಾರಿದ. ನವಿಲಿನ ಅರ್ಧ ಮೈ ಕರಗಿಹೋಗಿದೆ, ಕೀಲು ಸೊಟ್ಟ. ಎಷ್ಟು ಒತ್ತಿದರೂ ಮುಚ್ಚಳ ಕೂರುವುದಿಲ್ಲ. ಇವರು ಖುಷಿಯಿಂದ ಅದನ್ನು ತಮ್ಮ ಅಪ್ಪನ ಕೈಗಿಟ್ಟರು. ನನ್ನ ಮಾವ ದೊಡ್ಡಸಿದ್ದಯ್ಯ ಎಂಬತ್ತು ದಾಟಿದವರು, ಊಟ ಬಿಟ್ಟಾರು, ನಶ್ಯ ಬಿಡುವವರಲ್ಲ. ಡಬ್ಬಿಯನ್ನು ತಿರುಗಿಸಿ ನೋಡಿದವರೇ ಟೀಪಾಯಿಯ ಮೇಲಿಟ್ಟು ಎದ್ದು ಹೋದರು. ಅಂದಿನಿಂದ ನಶ್ಯ ಮುಟ್ಟಿಲ್ಲ. ತಟ್ಟೆಯಲ್ಲಿ ಮುದ್ದೆಯೂ ಅರ್ಧಕ್ಕೇ ಉಳಿಯುತ್ತದೆ. ಯಾಕೆಂದು ಕೇಳಿದರೆ, "ಬುಡವ್ವ" ಅನ್ನುತ್ತಾರೆ, ಅಷ್ಟೇ.

ಅದಾದ ವಾರಕ್ಕೆ, ಅಂಗಡಿಯವನಿಂದ ವಿಳಾಸ ತಿಳಿದುಕೊಂಡು ಪ್ರತ್ಯಕ್ಷವಾದವರು ಈ ಕರಿಯಪ್ಪ. ಮಾವ ಹುಟ್ಟಿದ ಊರಿನ ಗೌಡರ ಮನೆಯವರು.

"ಡಬ್ಬಿ ನಮ್ದು ಕಣಪ್ಪ. ನಮ್ಮುಡ್ಗ ಸ್ವರೂಪ ನನ್ಗೇಳ್ದೆ ಮಾರ್ಬುಟ್ಟವ್ನೆ. ಒಂದ್ಸಲ ನೋಡ್ಕಬೌದಾ?" ಅಂದರು. ನನ್ನ ಗಂಡ ನೋಡಲು ಕೊಟ್ಟದ್ದಲ್ಲದೆ, "ಯಾವಾಗ್ ಬೇಕಾದ್ರೂ ಬನ್ನಿ" ಎಂದೂ ಹೇಳಿ ಕಳಿಸಿದರು. ಇವರ ಒಳ್ಳೇತನಕ್ಕಿಷ್ಟು ಬೆಂಕಿ ಹಾಕ!

ಅಲ್ಲಿಂದ ಶುರುವಾಯಿತು. ಮುದುಕ ಬರುವುದು ಇವರು ಡ್ಯೂಟಿಗೆ ಹೋದ ಮೇಲೆಯೇ. ಬಂದ ತಕ್ಷಣ ಒಳಬಾಗಿಲ ಕಡೆ ಓರೆಗಣ್ಣು ಹಾಕಿ, "ಸಿದ್ದಯ್ಯ ಇಲ್ವಾ?" ಎಂದು ಕೇಳುವುದು. ಮಾವನೋ, ಆ ದನಿ ಕೇಳುತ್ತಲೇ ಹಿತ್ತಲಿಗೆ ನಡೆದುಬಿಡುತ್ತಿದ್ದರು. ಮನೆಯಲ್ಲಿ ಗಂಡಸರಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವ ಕಳ್ಳಬುದ್ಧಿ ಇದು ಎಂದುಕೊಂಡೆ. ಹಿಂದಿನ ಸಲವಂತೂ ಪಂಚೆಯ ತುದಿಯಿಂದ ನವಿಲನ್ನು ಒರೆಸುತ್ತ ಒರೆಸುತ್ತ ಡಬ್ಬಿಯನ್ನು ಜೇಬಿನ ಹತ್ತಿರಕ್ಕೇ ಒಯ್ದಿದ್ದರು. ನಾನು ಕೆಮ್ಮಿದೆ. ಬೆಚ್ಚಿ ಕೆಳಗಿಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರು ಹೋದ ಮೇಲೆ ಎಲ್ಲ ಡಬ್ಬಿಗಳನ್ನೂ ಎಣಿಸಿಯೇ ನಾನು ಒಲೆ ಹಚ್ಚಿದ್ದು.

ನನ್ನ ಹಟ ಇಷ್ಟೇ. ಮಾವನ ಬಾಯಿ ಕಟ್ಟಿಸಿದ್ದು ಈ ಡಬ್ಬಿ. ಅದೇನೆಂದು ತಿಳಿಯುವ ಮುಂಚೆ ಅದು ಈ ಹೊಸಿಲು ದಾಟಕೂಡದು.

ಹಾಗಾಗಿ ಈ ಸಲ ನಾನು ತಯಾರಿದ್ದೆ. ಸೊಟ್ಟ ಡಬ್ಬಿಯನ್ನು ರಾಗಿಹಿಟ್ಟಿನೊಳಗೆ ಹೂತು, ನವಿಲೇ ಇರುವ ಇನ್ನೊಂದು ಡಬ್ಬಿಯನ್ನು ಟೀಪಾಯಿಯ ಮೇಲಿಟ್ಟಿದ್ದೆ. ಕರಿಯಪ್ಪ ಅದನ್ನು ಎತ್ತಿಕೊಂಡು ಮುಚ್ಚಳ ಒತ್ತಿದರು. ಟಕ್ ಎಂದು ಕೂತಿತು.

"ಇದಲ್ಲ ಕಣಮ್ಮ. ಅದ್ರ ಮುಚ್ಚುಳ ಕೂರಲ್ಲ."

"ಗೊತ್ತು ಗೌಡ್ರೇ. ಅದ್ನ ಎತ್ಕೊಂಡೋಗಕ್ಕೆ ತಾನೆ ನೀವ್ ಬರೋದು?"

ಮುದುಕ ತಲೆ ತಗ್ಗಿಸಿದರು. ಉತ್ತರ ಬಂದದ್ದು ಹಿಂದಿನಿಂದ.

"ಮುಚ್ಚುಳ ಯಾಕ್ ಕೂರಲ್ಲ ಅಂತ ಏಳ್ಲಾ ಕರಿಯಪ್ಪ, ನಮ್ಮುಡ್ಗೀಗೆ."

ಮಾವ ಬಾಗಿಲಲ್ಲಿ ನಿಂತಿದ್ದರು. ಗೌಡರ ಮನೆಯವರನ್ನು ಅವರು 'ಲಾ' ಎಂದದ್ದು ನಾನು ಕೇಳಿದ್ದು ಅದೇ ಮೊದಲು. ಕರಿಯಪ್ಪ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟರು. ಕೊನೆಗೆ ಮಾವನೇ ಹೇಳಿದರು.

"ಇವ್ರಟ್ಟೀಲಿ ಜೀತಕ್ಕಿದ್ದೆ ಕಣವ್ವ. ಇವ್ರಪ್ಪ ಜಗಲಿ ಮ್ಯಾಲ್ ನಿಂತ್ಕಂಡು ಮೇಲಿಂದ ಚಿಟಿಕೆ ನಸ್ಯ ಉದುರ್ಸೋರು, ನಾವು ಕೆಳ್ಗಡೆ ಅಂಗೈ ಒಡ್ಬೇಕು. ಒಂದಿನ ಡಬ್ಬಿ ತೆರ್ದಿತ್ತು. ಕೈ ಆಕ್ಬುಟ್ಟೆ. ಇವ್ನು ಚಿಕ್ಕುಡ್ಗ, ನೋಡ್ದ, ಕೂಗ್ದ. ನನ್ನ ಕಂಬಕ್ ಕಟ್ಟಿ ಒಡುದ್ರು. ಡಬ್ಬಿ ಸುದ್ದ ಆಗ್ಲಿ ಅಂತ ಇವ್ನ ಕೈಲೇ ಕೆಂಡಕ್ಕಾಕ್ಸುದ್ರು. ಇವ್ನು ಆಟುಕ್ಕೋಗಿ ತೆಗ್ಯಾದ್ನೇ ಮರ್ತ. ನವಿಲು ಕರ್ಗೋಯ್ತು, ಕೀಲು ಸೊಟ್ಟಾಯ್ತು. ಡಬ್ಬಿ ಕೆಡುಸ್ದೋನು ಯಾವನ್ಲಾ ಅಂದ್ರೆ, ಇವ್ನು ನನ್ ಕಡೆ ಕೈ ತೋರ್ಸ್ದ. ಅದುಕ್ಕೂ ನಂಗೇ ಬಿತ್ತು."

ನನ್ನ ಮೈ ಉರಿಯಿತು. ಡಬ್ಬಿಯನ್ನು ಆ ಮುಖಕ್ಕೇ ಎಸೆಯೋಣ ಅನ್ನಿಸಿತು. ಮಾವ ಮಾತ್ರ ಶಾಂತವಾಗಿ, "ಅದ್ನ ತತ್ತಾ ವನಜಾ" ಅಂದರು.

ಹಿಟ್ಟು ಕೊಡವಿ ತಂದುಕೊಟ್ಟೆ. ಮಾವ ಅದಕ್ಕೆ ನಶ್ಯ ತುಂಬಿದರು. ಕರಿಯಪ್ಪನ ಮುಖ ಬೆಳಗಿತು. ಎಲ್ಲ ಮುಗಿಯಿತು ಎಂದುಕೊಂಡರೋ ಏನೋ, ಎರಡು ಬೆರಳು ಕೂಡಿಸಿ ಡಬ್ಬಿಯತ್ತ ಕೈ ಚಾಚಿದರು. ಮಾವ ಡಬ್ಬಿಯನ್ನು ಹಿಂದಕ್ಕೆಳೆದುಕೊಂಡರು.

"ಅಂಗೈ ಒಡ್ಡು."

ಕರಿಯಪ್ಪ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತು ಅಂಗೈ ಒಡ್ಡಿದರು. ಮಾವ ನನ್ನ ಭುಜ ಹಿಡಿದು ನಿಂತು, ಮೇಲಿನಿಂದ ಒಂದು ಚಿಟಿಕೆ ಉದುರಿಸಿದರು. ಅರ್ಧ ಫ್ಯಾನಿನ ಗಾಳಿಗೆ ಹಾರಿತು. ಉಳಿದದ್ದನ್ನು ಕರಿಯಪ್ಪ ಮೂಗಿಗೇರಿಸಿದರು. ಸುಳ್ಳು ಯಾಕೆ ಹೇಳಲಿ, ನನಗೆ ಸಂತೋಷವಾಯಿತು.

ಮಾವ ಕೂತು, ತಾವೂ ದಪ್ಪದೊಂದು ಚಿಟಿಕೆ ಎಳೆದರು. ತಿಂಗಳಾಗಿತ್ತು ಆ ಸದ್ದು ಕೇಳಿ.

ಹೊರಡುವಾಗ ಕರಿಯಪ್ಪ ಕೇಳಿದರು, "ನಾಳಿಕ್ ಬರ್ಲಾ ಸಿದ್ದಯ್ಯ?"

"ಬಾ. ನಾಳಿಕೂ ಅಂಗೈನೇ."

"ಎಲ್ಲೀಗಂಟ?"

ಮಾವ ಮುಚ್ಚಳವನ್ನು ಒತ್ತಿದರು. ಅದು ಎದ್ದು ನಿಂತಿತು.

"ಇದು ಕೂರೋಗಂಟ."

ಮಾರನೆಯ ದಿನವೂ ಗೇಟು ಸದ್ದಾಯಿತು. ಮಾವ ಹಿತ್ತಲಿಗೆ ಹೋಗಲಿಲ್ಲ. ನಾನೂ ಡಬ್ಬಿ ಬಚ್ಚಿಡಲಿಲ್ಲ, ಆದರೆ ಅವರು ಹೋದ ಮೇಲೆ ಎಣಿಸುವುದನ್ನು ಇನ್ನೂ ಬಿಟ್ಟಿಲ್ಲ.